ಬಾರದ ಹಡಗಿನ ಪಂಪು

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಹಾರ್ನ್‌ಬಿ ಬಡಾವಣೆಯ ಮೆಷಿನ್ ಶಾಪಿಗೆ ಅಮೆರಿಕದಿಂದ ಬಂದ ಮರದ ಪೆಟ್ಟಿಗೆಯನ್ನು ಬಿಚ್ಚಿದವಳು ಅರುಂಧತಿ. ಒಳಗೆ ಕಂಚಿನ ಇಂಪೆಲ್ಲರ್ ಇತ್ತು, ಅಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ರೆಕ್ಕೆಚಕ್ರ. ಉಪ್ಪುನೀರು ಅದರ ಅಂಚನ್ನೆಲ್ಲ ತಿಂದುಹಾಕಿತ್ತು. ಅಣುಶಕ್ತಿಯಿಂದ ಓಡುವ ಒಂದು ವಿಮಾನವಾಹಕ ಹಡಗಿನಲ್ಲಿ ಬೆಂಕಿ ಆರಿಸುವ ಪಂಪಿನದು ಅದು. ಮೊದಲು ಮಾಡಿಕೊಟ್ಟ ಕಂಪನಿ ಎಂದೋ ಬಾಗಿಲು ಹಾಕಿತ್ತು, ನಕ್ಷೆಯೂ ಸಿಗುವಂತಿರಲಿಲ್ಲ. ಹಳೆಯದನ್ನು ಅಳೆದು, ಅಂಥವೇ ನಾಲ್ಕು ಹೊಸದಾಗಿ ಮಾಡಬೇಕಿತ್ತು.

ಮೆಷಿನಿನ ಕೆಲಸ ಮರ್ರೇಯದು, ಅಳತೆ ನೋಡಿ ಸಹಿ ಹಾಕುವುದು ಅರುಂಧತಿಯದು. ಯಾವ ಹಡಗಿನದೆಂದು ತಿಳಿದೊಡನೆ ಮರ್ರೇ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದ.

"ಹುಡುಗನಾಗಿದ್ದಾಗ ಇಂಥ ಹಡಗುಗಳು ಬರಬಾರದು ಅಂತ ಅಪ್ಪನ ದೋಣಿ ತಗೊಂಡು ಅಡ್ಡ ಹೋದವನು ನಾನು. ನನ್ನ ಕೈಲಿ ಆಗಲ್ಲ," ಅಂದ.

"ಕಾನೂನಿನ ಪ್ರಕಾರ ಅಣುಶಕ್ತಿಯ ಹಡಗು ನ್ಯೂಜಿಲೆಂಡಿಗೆ ಬರೋ ಹಾಗಿಲ್ಲ, ನಿಜ. ಪಂಪಿನ ಚಕ್ರ ಇಲ್ಲಿಂದ ಹೋಗಬಾರದು ಅಂತ ಯಾರು ಹೇಳಿದ್ರು?" ಎಂದ ಮಾಲೀಕ. ಆದರೂ ಬಲವಂತ ಮಾಡಲಿಲ್ಲ, ತಾನೇ ಮೆಷಿನಿಗೆ ನಿಂತ.

ಅರುಂಧತಿಗೆ ಈ ಗಲಾಟೆ ಅರ್ಥವಾಗಲಿಲ್ಲ. ಅವಳ ಅಪ್ಪ ಕೈಗಾ ಅಣುಸ್ಥಾವರದಲ್ಲಿ ಕೆಲಸಕ್ಕಿದ್ದವರು. ಟೌನ್‌ಶಿಪ್ಪಿನಲ್ಲಿ ಬೆಳೆದವಳಿಗೆ ರಿಯಾಕ್ಟರ್ ಎಂದರೆ ಅಪ್ಪ ದಿನಾ ಬಸ್ಸು ಹತ್ತಿ ಹೋಗುವ ಜಾಗ, ಅಷ್ಟೇ. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಕ್ರೈಸ್ಟ್‌ಚರ್ಚಿಗೆ ಓದಲು ಬಂದು, ಇಲ್ಲೇ ನೆಲೆ ನಿಂತಿದ್ದಳು.

"ನೀನೂ ಬೇಡ ಅನ್ನಬಹುದಿತ್ತು," ಎಂದ ಮರ್ರೇ.

"ಬೆಂಕಿ ಆರಿಸೋ ಪಂಪು, ಮರ್ರೇ. ಹಡಗಿನಲ್ಲಿರೋರೂ ಮನುಷ್ಯರೇ ಅಲ್ವಾ?"

ಅಲ್ಲಿಂದಾಚೆ ಮರ್ರೇ ಚಹಾದ ಹೊತ್ತಿಗೆ ಬೇರೆ ಬೆಂಚಿನಲ್ಲಿ ಕೂರತೊಡಗಿದ. ಮನೆಯಲ್ಲಿ ಮಗಳು ಕೃತಿಯೂ ಬಿಡಲಿಲ್ಲ. ಅವಳ ಶಾಲೆಯಲ್ಲಿ ಆಗಷ್ಟೇ ಅಣುಮುಕ್ತ ನ್ಯೂಜಿಲೆಂಡಿನ ಪಾಠ ನಡೆದಿತ್ತು.

"ಮಮ್, ಆರ್ ಯೂ ಮೇಕಿಂಗ್ ಎ ವಾರ್‌ಶಿಪ್?"

"ಹಡಗಲ್ಲ ಕಣೇ, ನೀರಿನ ಪಂಪು."

"ಸೇಮ್ ಥಿಂಗ್," ಎಂದು ಕೃತಿ ರೂಮಿಗೆ ಹೋದಳು. ಅರುಂಧತಿ ಸಾರಿಗೆ ಒಗ್ಗರಣೆ ಹಾಕಿದಳು. ಮಗಳ ಮಾತಿಗಿಂತ ಮರ್ರೇ ಬೇರೆ ಬೆಂಚಿಗೆ ಹೋದದ್ದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಮೂರು ಚಕ್ರಗಳು ಸರಿಬಂದು ಹಡಗಿಗೆ ಹೋದವು. ಬಿರುಕು ಪರೀಕ್ಷಿಸಲೆಂದು ಅರುಂಧತಿ ನಾಲ್ಕನೆಯದಕ್ಕೆ ಕೆಂಪು ಬಣ್ಣ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸಿದಾಗ ರೆಕ್ಕೆಯ ಬುಡದಲ್ಲಿ ಕೂದಲೆಳೆಯಂಥ ಕೆಂಪು ಗೆರೆ ಮೂಡಿತು. ಬಿರುಕು. ಎರಕದಲ್ಲೇ ಬಂದದ್ದು.

ಮಾಲೀಕ ಬಗ್ಗಿ ನೋಡಿದ. "ವೆಲ್ಡ್ ಮಾಡಿ ನುಣ್ಣಗೆ ಮಾಡ್ತೀನಿ. ಯಾರಿಗೂ ಕಾಣಲ್ಲ."

"ನನಗೆ ಕಂಡಿದೆಯಲ್ಲ," ಎಂದಳು ಅರುಂಧತಿ. "ಬೆಂಕಿ ಬಿದ್ದ ದಿನ ಇದು ಒಡೆದರೆ? ನಾನು ಸಹಿ ಹಾಕಲ್ಲ. ಹೊಸದಾಗಿ ಎರಕ ಹೊಯ್ಯಿಸಿ."

ಮಾಲೀಕ ಮುಖ ಕೆಂಪಗೆ ಮಾಡಿಕೊಂಡು ಗೊಣಗಿದ, ಕೊನೆಗೆ ಎರಕದವರಿಗೆ ಫೋನ್ ಮಾಡಿದ. ಅಷ್ಟರಲ್ಲಿ ಗಡುವು ಮೀರಿತು. ಈ ಕೆಲಸ ಕೊಟ್ಟಿದ್ದ ಅಮೆರಿಕದ ದಲ್ಲಾಳಿ ಉಳಿದ ಒಂದನ್ನೂ, ಮುಂದೆ ಬರಬೇಕಿದ್ದ ಕೆಲಸವನ್ನೂ ಬೇರೆಯವರಿಗೆ ಕೊಟ್ಟುಬಿಟ್ಟ.

ಮರುದಿನ ಮರ್ರೇ ಎರಡು ಕಪ್ ಚಹಾ ಹಿಡಿದು ಅವಳ ಬೆಂಚಿಗೆ ಬಂದ.

"ಅಂತೂ ನೀನೂ ನಿಲ್ಲಿಸಿದೆ," ಎಂದ, ತುಸು ಸಂತೋಷದಿಂದಲೇ.

"ಇಲ್ಲ ಮರ್ರೇ. ನೀವು ಹಡಗು ಬೇಡ ಅಂತ ನಿಲ್ಲಿಸಿದ್ರಿ. ನಾನು ಹಡಗು ಉಳೀಲಿ ಅಂತ ನಿಲ್ಲಿಸಿದ್ದು."

"ಅದನ್ನ ನಾನು ಒಪ್ಪಲ್ಲ," ಎಂದ ಮರ್ರೇ.

"ಒಪ್ಪಬೇಡಿ. ಚಹಾಕ್ಕೆ ಸಕ್ಕರೆ ಹಾಕಿದೀರಾ?"

ಹಾಕಿರಲಿಲ್ಲ. ತರಲು ಅವನೇ ಎದ್ದ. ಆಮೇಲೆ ಅವರಿಬ್ಬರೂ ಆ ವಿಷಯ ಎತ್ತಲಿಲ್ಲ. ಶಾಪು ಎಂದಿನಂತೆ ಹಾಲಿನಪುಡಿ ಕಾರ್ಖಾನೆಗಳ ಬಿಡಿಭಾಗ ಮಾಡುವ ಕೆಲಸಕ್ಕೆ ಮರಳಿತು. ಮಾಲೀಕ ಒಂದಷ್ಟು ದಿನ ಬಿಗುಮಾನದಲ್ಲಿದ್ದು ಸರಿಹೋದ. ಮರ್ರೇ ಆ ಬೇಸಿಗೆಯಲ್ಲಿ ನಿವೃತ್ತನಾದ. ಅವನ ಮೆಷಿನಿಗೆ ಇನ್ನೂ ತಕ್ಕವರು ಸಿಕ್ಕಿಲ್ಲ.