ಕ್ಯಾಪ್ಟನ್ನನಿಗೆ ಬರೆಸಿದ ಕಾಗದ

ನಮ್ಮ ಮೊರ್ವಾನ್ ಸೀಮೆಯಲ್ಲಿ ಮರದ ಮೆಟ್ಟು ಕೆತ್ತುವ ಫಿಲಿಬೇರನಷ್ಟು ಸಾಧುವನ್ನು ನಾನು ಕಂಡಿಲ್ಲ. ಅವನ ಮಗ ಲಾಜಾರನಂಥ ಪೋಕರಿಯನ್ನೂ ಕಂಡಿಲ್ಲ. ಇಪ್ಪತ್ತು ವರ್ಷ ಈ ಊರಿನ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿದವನು ನಾನು. ಲಾಜಾರನ ಕಿವಿ ಹಿಂಡಿ ಹಿಂಡಿ ನನ್ನ ಕೈಗೆ ನೋವು ಬಂತೇ ಹೊರತು ಅವನಿಗೆ ಬುದ್ಧಿ ಬರಲಿಲ್ಲ. ತಾಯಿಯಿಲ್ಲದ ಮಗು ಎಂದು ಫಿಲಿಬೇರ್ ಒಮ್ಮೆಯೂ ಅವನ ಮೇಲೆ ಕೈ ಎತ್ತಿದವನಲ್ಲ. ಬದಲಿಗೆ ನನ್ನ ಹತ್ತಿರ ಬಂದು, "ನನ್ನ ಕೈಲಾಗಲ್ಲ ಮೇಷ್ಟ್ರೇ, ನೀವೇ ನಾಲ್ಕು ಬಿಗೀರಿ" ಎನ್ನುತ್ತಿದ್ದ. ನಾನೂ ಸಂಕೋಚವಿಲ್ಲದೆ ಬಿಗಿಯುತ್ತಿದ್ದೆ.

ಸೈನ್ಯಕ್ಕೆ ಚೀಟಿ ಎತ್ತುವ ವರ್ಷ ಬಂತು. ಇಪ್ಪತ್ತು ತುಂಬಿದ ಹುಡುಗರೆಲ್ಲ ಟೋಪಿಗೆ ರಿಬ್ಬನ್ ಸಿಕ್ಕಿಸಿ, ಡೋಲು ಬಡಿಸಿಕೊಂಡು ಪೇಟೆಗೆ ಹೋದರು. ದೊಡ್ಡ ಸಂಖ್ಯೆ ಬಂದವನು ಮನೆಗೆ, ಸಣ್ಣದು ಬಂದವನು ಏಳು ವರ್ಷ ಬಂದೂಕು ಹೊರಲಿಕ್ಕೆ. ಲಾಜಾರನ ಹೆಸರು ಕೂಗಿದಾಗ ಆಸಾಮಿ ಎದುರಿನ ವೈನಂಗಡಿಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದ. ಹುಡುಗನಿಲ್ಲದಿದ್ದರೆ ಅಪ್ಪ ಎತ್ತಬಹುದು. ಫಿಲಿಬೇರ್ ಶಿಲುಬೆ ಗುರುತು ಹಾಕಿಕೊಂಡು ಕೈ ಹಾಕಿದ. ನಾಲ್ಕು ಬಂತು.

ಬೇರೆ ಅಪ್ಪಂದಿರು ಕಣ್ಣೊರೆಸಿಕೊಳ್ಳುತ್ತಿದ್ದರು. ಇವನು ಮೆಲ್ಲಗೆ ನನಗಂದ: "ಒಳ್ಳೇದೇ ಆಯ್ತು ಬಿಡಿ ಮೇಷ್ಟ್ರೇ. ಅಲ್ಲಾದ್ರೂ ದಾರಿಗೆ ಬರ್ತಾನೆ."

ಎಲ್ಲಿ ಬಂದ! ಅವನ ದಂಡಿದ್ದ ಲಿಯೋನ್ ಪಟ್ಟಣದಿಂದ ರಜೆಗೆ ಬಂದ ಹುಡುಗರು ಸುದ್ದಿ ತಂದರು. ಲಾಜಾರ್ ದಂಡಿನ ಬೂಟು ಮಾರಿ ಕುಡಿದ, ಹಾಜರಿ ತಪ್ಪಿಸಿದ, ತಿಂಗಳಿಗೆ ಹತ್ತು ದಿನ ಸೆರೆಕೋಣೆಯಲ್ಲಿರುತ್ತಾನೆ. ನಮ್ಮೂರ ವೈನಂಗಡಿಯ ಗ್ರೆಗ್ವಾರನಿಗಂತೂ ಹಬ್ಬ. "ಏನಪ್ಪಾ ಫಿಲಿಬೇರ್, ಮಗ ಜನರಲ್ ಆಗೋದು ಯಾವಾಗ?" ಎಂದು ಬೀದಿಯಲ್ಲೇ ಕೂಗುತ್ತಿದ್ದ.

ಒಂದು ಭಾನುವಾರ ಫಿಲಿಬೇರ್ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ನೇರ ನನ್ನ ಮನೆಗೆ ಬಂದ. ಊರವರ ಕಾಗದ ಬರೆಯುವವನೂ ಓದುವವನೂ ನಾನೇ.

"ಅವನ ಕ್ಯಾಪ್ಟನ್‌ಗೆ ಒಂದು ಕಾಗದ ಬರೀರಿ ಮೇಷ್ಟ್ರೇ."

"ಏನಂತ ಬರೀಲಿ ಫಿಲಿಬೇರಣ್ಣ?"

"ನನ್ನ ಮಗ ಕುಡುಕ, ಸುಳ್ಳ, ಚಿಕ್ಕಂದಿನಿಂದ್ಲೂ ಹಂಗೇ. ದಯೆ ತೋರಿಸ್ಬೇಡಿ, ಬಿಗಿ ಮಾಡಿ, ಹೆತ್ತಪ್ಪ ನಾನೇ ಹೇಳ್ತಿದೀನಿ ಅಂತ. ನಿಮಗೆ ಹೇಳ್ತಿದ್ನಲ್ಲ, ಹಂಗೇ."

ಮೇಷ್ಟ್ರು ಬೇರೆ, ಕ್ಯಾಪ್ಟನ್ ಬೇರೆ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಬರವಣಿಗೆಯ ಜಂಬದಲ್ಲಿ ಅವನು ಹೇಳದ ಎರಡು ಮಾತನ್ನೂ ಸೇರಿಸಿ ಬರೆದೆ. ಇವತ್ತಿಗೂ ಅದನ್ನು ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆರು ವಾರಕ್ಕೆ ಉತ್ತರ ಬಂತು. ಕ್ಯಾಪ್ಟನ್ ಬಹಳ ಮರ್ಯಾದೆಯಿಂದ ಬರೆದಿದ್ದ. ಲಾಜಾರನಿಗೆ ಇನ್ನೊಂದು ಅವಕಾಶ ಕೊಡೋಣವೆಂದು ಯೋಚಿಸಿದ್ದನಂತೆ. ತಂದೆಯೇ ಹೀಗಂದ ಮೇಲೆ ಅನುಮಾನ ಉಳಿಯಲಿಲ್ಲ. ಅವನನ್ನು ಆಫ್ರಿಕಾದ ಶಿಕ್ಷೆಯ ದಳಕ್ಕೆ ಕಳಿಸಿದ್ದಾಗಿದೆ. ಕಾಗದ ಬರೆಸಿದ್ದು ಯಾರೆಂದು ಹುಡುಗನಿಗೆ ತಿಳಿಸಿಲ್ಲ, ನಿಶ್ಚಿಂತೆಯಿಂದಿರಿ ಎಂದು ಮುಗಿಸಿದ್ದ.

ಬಿಸಿಲಲ್ಲಿ ರಸ್ತೆಗೆ ಕಲ್ಲು ಒಡೆಯುವ ದಳ ಅದು. ನಮ್ಮ ಕಡೆಯಿಂದ ಹೋದ ಇಬ್ಬರಲ್ಲಿ ಒಬ್ಬ ಮಾತ್ರ ವಾಪಸು ಬಂದಿದ್ದ, ಅದೂ ಕೋಲೂರಿಕೊಂಡು.

"ನಾಲ್ಕೇಟು ಹಾಕ್ಲಿ ಅಂದೆ, ಅಷ್ಟೇ ಅಲ್ವಾ ಮೇಷ್ಟ್ರೇ ನಾನು ಹೇಳಿದ್ದು?" ಫಿಲಿಬೇರ್ ನನ್ನ ತೋಳು ಹಿಡಿದುಕೊಂಡ. "ಇನ್ನೊಂದು ಬರೀರಿ. ಅಪ್ಪ ಸುಳ್ಳು ಹೇಳ್ದ ಅಂತ ಬರೀರಿ."

ಬರೆದೆ. ವಿಷಯ ತನ್ನ ಕೈ ಮೀರಿದೆ ಎಂದು ಕ್ಯಾಪ್ಟನ್ ತಿಳಿಸಿದ. ಕರ್ನಲ್ಲನಿಗೂ ಬರೆದೆ, ಉತ್ತರವೇ ಇಲ್ಲ. ಪಾದ್ರಿಗಳು ಪ್ರಾರ್ಥನೆ ಮಾಡು ಎಂದರು. ಫಿಲಿಬೇರ್ ಮೆಟ್ಟು ಕೆತ್ತುವುದನ್ನೇ ಬಿಟ್ಟು, ಅಂಚೆಯವನು ಬರುವ ದಾರಿಯಲ್ಲಿ ಹೋಗಿ ನಿಲ್ಲತೊಡಗಿದ.

ವಸಂತದಲ್ಲಿ ಆಫ್ರಿಕಾದಿಂದ ಕಾಗದ ಬಂತು. ಸೊಟ್ಟ ಅಕ್ಷರ. ಲಾಜಾರ್ ಅಪ್ಪನಿಗೆ ಬರೆದ ಮೊದಲನೇ ಕಾಗದ. ನಾನು ಗಟ್ಟಿಯಾಗಿ ಓದಿದೆ.

"ಅಪ್ಪಾ, ಜ್ವರ ಬಿಟ್ಟಿಲ್ಲ. ನನ್ನ ಮೇಲೆ ನಮ್ಮೂರಿಂದ ಯಾರೋ ಚಾಡಿ ಬರೆಸಿದ್ದಾರಂತೆ, ಅದಕ್ಕೇ ಇಲ್ಲಿಗೆ ಹಾಕಿದರು. ಗ್ರೆಗ್ವಾರನ ಮೇಲೆ ನನಗೆ ಅನುಮಾನ. ಯಾರು ಅಂತ ನೀನು ಪತ್ತೆ ಮಾಡು. ನನ್ನೋನು ಅಂತ ಇರೋನು ನೀನೊಬ್ಬನೇ."

ಫಿಲಿಬೇರ್ ನನ್ನ ಬಾಯನ್ನೇ ನೋಡುತ್ತ ಕೂತಿದ್ದ. ಇನ್ನೊಂದು ಸಲ ಓದಿ ಎಂದ. ಓದಿದೆ.

"ಏನು ಉತ್ತರ ಬರೀಲಿ ಫಿಲಿಬೇರಣ್ಣ?"

ಅವನು ಗೋಡೆ ಕಡೆ ಮುಖ ತಿರುಗಿಸಿಕೊಂಡು ಹೇಳಿದ.

"ಹುಡುಕ್ತಾ ಇದೀನಿ ಅಂತ ಬರೀರಿ ಮೇಷ್ಟ್ರೇ."