ಸೊನ್ನೆಯಕ್ಕ ಒರೆಸಿದ ದನಿ

ಸೊನ್ನೆಯಕ್ಕ ಒರೆಸಿದ್ದನ್ನು ಹಣೆಬರಹ ಬರೆದವನೇ ಕನ್ನಡಕ ಹಾಕಿಕೊಂಡು ಬಂದರೂ ಓದಲಾರ. ಹಾಗಂತ ಆಸ್ಪತ್ರೆಯೆಲ್ಲ ಹೇಳುತ್ತಿತ್ತು. ಮೊದಲು ಹೇಳಿದವಳು ಅವಳೇ.

ಆಸ್ಪತ್ರೆಯ ದೊಡ್ಡ ಸರ್ವರಿನ ಹೊಟ್ಟೆಯೊಳಗೆ ಬರೀ ಸಾಫ್ಟ್‌ವೇರಿನಲ್ಲೇ ಬದುಕುವ ಹತ್ತಾರು ವರ್ಚುವಲ್ ಕಂಪ್ಯೂಟರುಗಳು ಸಂಸಾರ ಹೂಡಿದ್ದವು. ಒಂದೊಂದರ ಡಿಸ್ಕೂ ನಿಜದಲ್ಲಿ ಒಂದು ಭಾರೀ ಫೈಲು. ಬರೀ ಡಿಲೀಟ್ ಮಾಡಿದರೆ ಬಾಗಿಲಿನ ಹೆಸರುಹಲಗೆ ಕಿತ್ತಂತೆ ಅಷ್ಟೇ, ಒಳಗಿನವರು ಒಳಗೇ ಇರುತ್ತಾರೆ. ರೋಗಿಗಳ ಗುಟ್ಟು ಬೀದಿಪಾಲಾಗಬಾರದೆಂದು, ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಸೊನ್ನೆಯಕ್ಕ ಬೇಡವಾದ ಫೈಲಿನ ತುಂಬ ಸೊನ್ನೆ ಸುರಿದು, ಆಮೇಲೆ ಅಳಿಸುತ್ತಿದ್ದಳು. ಅದೆಷ್ಟು ನಿಧಾನದ ಕೆಲಸವೆಂದರೆ, ಶುರುವಾದಾಗ ಹೆರಿಗೆಗೆ ಸೇರಿದವಳ ಮಗು ಕೆಲಸ ಮುಗಿಯುವಷ್ಟರಲ್ಲಿ ಮಗ್ಗಿ ಒಪ್ಪಿಸುತ್ತಿತ್ತು.

ಅವುಗಳಲ್ಲೊಂದಾದ, ಟೋಕನ್ ಕೂಗುವ ಹಳೇ ಕಂಪ್ಯೂಟರಿಗೂ ಹೀಗೇ ಸೊನ್ನೆ ಸುರಿದು ಕೈತೊಳೆದುಕೊಂಡ ಮಾರನೇ ವಾರ, ಕಾಂಪೌಂಡರ ಹೆಂಡತಿ ಬಂದಳು. ಕಾಂಪೌಂಡರಿಗೆ ಗಂಟಲಿನ ಆಪರೇಷನ್ ಆಗಿ ಜೀವ ಉಳಿದಿತ್ತು, ದನಿ ಹೋಗಿತ್ತು. ಆ ಕಂಪ್ಯೂಟರಿನಿಂದ ರೋಗಿಗಳನ್ನು ಕರೆಯುತ್ತಿದ್ದದ್ದು ಹಿಂದೆ ರೆಕಾರ್ಡ್ ಮಾಡಿದ್ದ ಅವರದೇ ದನಿ.

"ಅದು ಇನ್ನೆಲ್ಲೂ ಇಲ್ಲ ಕಣಮ್ಮ. ಮದುವೆಯಾದಾಗಿಂದ ಬಾಯಿ ಮುಚ್ರಿ, ಬಾಯಿ ಮುಚ್ರಿ ಅಂತ ಬೈದೆ. ಈಗ ಮನೆ ಬಿಕೋ ಅನ್ನುತ್ತೆ. ಒಂದು ಕಾಪಿ ಹಾಕ್ಕೊಡ್ತೀಯಾ?"

ತನ್ನ ಕೆಲಸ ಕೆಟ್ಟಿರಲಿ ಎಂದು ಸೊನ್ನೆಯಕ್ಕ ಬೇಡಿಕೊಂಡದ್ದು ಅದೇ ಮೊದಲು. ಸರ್ವರಿನ ಸಂದಿಗೊಂದಿಯೆಲ್ಲ ಜಾಲಾಡಿದಳು. ಮೂಲೆಯಲ್ಲೊಂದು ಸ್ನ್ಯಾಪ್‌ಶಾಟ್ ಸಿಕ್ಕಿತು: ಎಂದೋ ರಿಪೇರಿಗೆ ಮುಂಚೆ ಮ್ಯಾನೇಜರು ಆ ಕಂಪ್ಯೂಟರನ್ನು ಇದ್ದಂತೆಯೇ ನಕಲು ಮಾಡಿಟ್ಟು ಮರೆತಿದ್ದರು! ರೋಗಿಗಳ ಗುಟ್ಟೆಲ್ಲ ಅದರಲ್ಲಿ ಕಾಲು ಚಾಚಿಕೊಂಡು ಕೂತಿತ್ತು. ಅವಳಿಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಸಂತೋಷವೂ ಆಯಿತು.

ಸ್ಪೀಕರ್ ಹಾಕಿದಳು. "ನಂಬರ್ ಹದಿನೇಳು, ಒಳಗೆ ಬನ್ನಿ. ಚಪ್ಪಲಿ ಎಳೀಬೇಡಿ!"

"ಇದೇ ಕಣೇ, ಇದೇ ಗದರಿಕೆ!" ಎಂದು ಹೆಂಡತಿ ಅವಳ ಕೈಗಳನ್ನು ಕಣ್ಣಿಗೊತ್ತಿಕೊಂಡು ಅತ್ತಳು, ನಕ್ಕಳು.

ದನಿಯನ್ನು ಪೆನ್‌ಡ್ರೈವಿಗಿಳಿಸಿ ಕೊಟ್ಟು, ಉಳಿದದ್ದಕ್ಕೆ ಸೊನ್ನೆ ಸುರಿದಳು. ಮರುದಿನ ಕಾಂಪೌಂಡರೇ ಬಂದರು. ಸೊನ್ನೆಯಕ್ಕನಿಗೆ ಕೈಮುಗಿದರು; ತುಟಿ ಆಡಿತು, ಸದ್ದು ಹೊರಡಲಿಲ್ಲ. ಆದರೂ ಅವರು ಹೇಳಿದ್ದು ಇಡೀ ವರಾಂಡಕ್ಕೆ ಕೇಳಿಸಿತು.

ಮ್ಯಾನೇಜರು ಕಾಲರ್ ಸರಿಮಾಡಿಕೊಂಡರು. "ನೋಡಿದ್ಯೇನಮ್ಮ? ನೀನು ಒರೆಸಿದ್ದೂ ಉಳಿಯುತ್ತೆ! ನನ್ನ ಮರೆವಿಗೂ ಒಂದು ಥ್ಯಾಂಕ್ಸ್ ಹೇಳು."

"ಮನಸಾರೆ ಹೇಳ್ತೀನಿ ಸಾರ್," ಎಂದಳು ಸೊನ್ನೆಯಕ್ಕ. "ಇನ್ನೂ ಎಲ್ಲೆಲ್ಲಿ ಮರೆತಿದ್ದೀರೋ ನೆನಪು ಮಾಡ್ಕೊಳ್ಳಿ, ಒರೆಸಿಬಿಟ್ಟು ಒಟ್ಟಿಗೇ ಹೇಳ್ತೀನಿ."