ನನಗೇ ಹೆಚ್ಚು ಬಂದಿತ್ತು

ಹೋದ ತಿಂಗಳು ಕ್ಲಾಸಿನ ಹುಡುಗಿಯೊಬ್ಬಳು ಒಂದು ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟಳು. ಕಾಗವಾಡದ ಕಡೆಯವಳು, ಮನೆಯಲ್ಲಿ ದ್ರಾಕ್ಷಿ ತೋಟ. ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಸ್ಕೋರ್ ಬಂದ ಖುಷಿಗೆ ಎಲ್ಲರೂ ಪೇಢೆ ಕೊಟ್ಟರೆ ಅವಳು ಮನೆಯ ಒಣದ್ರಾಕ್ಷಿ ತಂದಿದ್ದಳು. ಮುಚ್ಚಳ ತೆಗೆದೆ. ಸಿಹಿಯ ಹಿಂದಿನಿಂದ ಸಣ್ಣಗೆ ಗಂಧಕದ ವಾಸನೆ ಬಂತು. ಒಣಗಿಸುವಾಗ ದ್ರಾಕ್ಷಿಗೆ ಹಳದಿ ಬಣ್ಣ ಕೂರಲೆಂದು ಗಂಧಕದ ಹೊಗೆ ಕೊಡುತ್ತಾರೆ. ತಿನ್ನುವವರಿಗೆ ಅದು ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ. ಅಥಣಿಯಲ್ಲಿ ಆ ವಾಸನೆ ಹೊತ್ತು ಬರುವವರ ಎದುರುಮನೆಯಲ್ಲಿ ಬೆಳೆದವಳು ನಾನು.

ಎದುರುಮನೆಯವರು ಜೈನರು, ದ್ರಾಕ್ಷಿ ಬೆಳೆದು ಒಣಗಿಸಿ ಮಾರುವವರು. ಅವರ ಮಗಳು ನನ್ನ ಓರಗೆಯವಳು. ಅವಳ ಹೆಸರು ಬರೆಯುವುದಿಲ್ಲ. ಬರೆದರೆ ಊರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಹೆದರಿಕೆಯಿಂದಲ್ಲ, ಆ ಹೆಸರು ಬರೆಯುವಾಗ ಈಗಲೂ ನನ್ನ ಕೈ ಬಿಗಿಯಾಗುತ್ತದೆ, ಅದಕ್ಕೆ. ಅವಳ ಬಗ್ಗೆ ಬರೆಯುವುದೆಂದರೆ ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಬರೆಯುವುದು. ಬೇರೆ ದಾರಿ ನನಗೆ ಕಾಣುವುದಿಲ್ಲ.

ಶಾಲೆಯಲ್ಲಿ ನಾನು ಮೊದಲು, ಅವಳು ಐದನೆಯವಳೋ ಆರನೆಯವಳೋ. ಅದರಿಂದ ಅವಳಿಗೆ ಬೇಜಾರಾಗಿದ್ದು ನಾನು ನೋಡಲಿಲ್ಲ. ನನಗೆ ಸಿಟ್ಟು ಬರುತ್ತಿದ್ದುದೇ ಅಲ್ಲಿ. ಮೊದಲ ರ‍್ಯಾಂಕ್ ಬಂದವಳನ್ನು ನೋಡಿ ಹಿಂದಿನವಳಿಗೆ ಒಂದಿಷ್ಟಾದರೂ ಉರಿಯಬೇಕಲ್ಲ... ಅವಳು ನನ್ನ ಅಂಕಪಟ್ಟಿ ತೆಗೆದುಕೊಂಡು ಹೋಗಿ ತಮ್ಮ ಮನೆಯಲ್ಲಿ ತೋರಿಸಿ ಬರುತ್ತಿದ್ದಳು, ತನ್ನದೇ ಅನ್ನುವ ಹಾಗೆ.

ಡಿಗ್ರಿ ಮುಗಿದ ವರ್ಷ ಅವಳ ತಂದೆಗೆ ಸೊಂಟದ ನೋವು ಹೆಚ್ಚಾಯಿತು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಕಾಕಾ ಹಾಸಿಗೆ ಹಿಡಿದಾಗ ಊರಾಚೆಯ ಒಣಗಿಸುವ ಶೆಡ್ಡನ್ನು ಅವಳೇ ನೋಡಿಕೊಂಡಳು, ಒಂದಲ್ಲ, ಎರಡು ಹಂಗಾಮು. ಆ ಎರಡು ವರ್ಷ ನಾನು ಮನೆಯಲ್ಲಿ ಕೂತು ಎಂಬಿಎ ಪ್ರವೇಶ ಪರೀಕ್ಷೆಗೆ ಓದಿದೆ. ಅವಳೂ ಓದುತ್ತೇನೆ ಎಂದಳು. ಭಾನುವಾರ ಇಬ್ಬರೂ ಚಿಕ್ಕೋಡಿಗೆ ಬಸ್ಸಿನಲ್ಲಿ ಕ್ಲಾಸಿಗೆ ಹೋಗುತ್ತಿದ್ದೆವು. ಅವಳು ಓದುತ್ತಿದ್ದುದು ಬಸ್ಸಿನಲ್ಲಿ ಮಾತ್ರ. ಪುಸ್ತಕ ನನ್ನದು, ಬೆರಳಿನ ಗಂಧಕದ ವಾಸನೆ ಅವಳದು. ಈಗಲೂ ಆ ಪುಸ್ತಕ ತೆರೆದರೆ...

ಒಮ್ಮೆ ಅವಳನ್ನು ಹುಡುಕಿಕೊಂಡು ಶೆಡ್ಡಿಗೆ ಹೋಗಿದ್ದೆ. ಬಲೆ ಕಟ್ಟಿದ ಅಟ್ಟಣಿಗೆಗಳ ಮೇಲೆ ದ್ರಾಕ್ಷಿ ಹರವಿತ್ತು. ನಮ್ಮ ತಾಯಿಯ ವಯಸ್ಸಿನ ಹೆಂಗಸರು ಕೆಲಸ ಬಿಟ್ಟು ಬಂದು ಅವಳನ್ನು ಕೇಳುತ್ತಿದ್ದರು: "ಅಕ್ಕಾರ, ಇದನ್ನ ಇವತ್ತ ತಗೀಬೇಕೋ, ನಾಳೆ ತಗೀಬೇಕೋ?" ಅವಳು ಒಂದು ಕಾಳು ಎತ್ತಿ ಹಿಚುಕಿ ನೋಡಿ, "ನಾಳೆ" ಎನ್ನುತ್ತಿದ್ದಳು. ಅಷ್ಟೇ. ನನ್ನನ್ನು ಜನ್ಮದಲ್ಲಿ ಯಾರೂ ಹಾಗೆ ಏನನ್ನೂ ಕೇಳಿರಲಿಲ್ಲ. ಮನೆಗೆ ಬಂದು ಎರಡು ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿದೆ, ಹೊಟ್ಟೆಯ ಉರಿ ತಣ್ಣಗಾಗಲೆಂದು.

ಫಲಿತಾಂಶ ಬಂತು. ನನ್ನ ಪರ್ಸೆಂಟೈಲ್ ತೊಂಬತ್ತಾರು. ಎಂದರೆ ಪರೀಕ್ಷೆ ಬರೆದ ನೂರು ಜನರಲ್ಲಿ ತೊಂಬತ್ತಾರು ಜನ ನನ್ನ ಹಿಂದೆ. ಅವಳದು ಎಂಬತ್ತೊಂದು. ಪುಣೆಯ ಒಂದು ಕಾಲೇಜಿನವರು ಎಂಬತ್ತಕ್ಕಿಂತ ಮೇಲಿದ್ದವರನ್ನೆಲ್ಲ ಸಂದರ್ಶನಕ್ಕೆ ಕರೆಯುತ್ತಿದ್ದರು. ಅವಳು ಹೊಸ್ತಿಲು ದಾಟಿದ್ದಳು, ಅಷ್ಟೇ. ಅವರ ಮಾಹಿತಿ ಪುಸ್ತಿಕೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಪರೀಕ್ಷೆಯ ಸ್ಕೋರಿಗೆ ಅರ್ಧ ತೂಕ, ಉಳಿದ ಅರ್ಧ ಹಿಂದಿನ ಓದು, ಕೆಲಸದ ಅನುಭವ, ಸಂದರ್ಶನ. ಆ ಪುಟಕ್ಕೆ ಪೆನ್ಸಿಲ್ಲಿನಿಂದ ಗೆರೆ ಎಳೆದವಳು ನಾನು. ಅವಳಿಗೆ ಓದಿ ಹೇಳಿದವಳೂ ನಾನೇ. ಇದನ್ನು ಯಾಕೆ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ.

ಸಂದರ್ಶನಕ್ಕೆ ಜೋಡಿಯಾಗಿಯೇ ಹೋದೆವು. ಮೊದಲು ನನ್ನ ಸರದಿ. ಒಳಗೆ ಮೂವರಿದ್ದರು. ನನ್ನ ಸ್ಕೋರ್ ನೋಡಿ ಒಬ್ಬರು ತಲೆದೂಗಿದರು. ಡಿಗ್ರಿಯಾದ ಮೇಲೆ ಎರಡು ವರ್ಷ ಏನು ಮಾಡಿದಿರಿ ಎಂದು ಕೇಳಿದರು. ಈ ಪರೀಕ್ಷೆಗೆ ತಯಾರಿ ಮಾಡಿದೆ ಎಂದೆ. "ಬೇರೆ?" ಎಂದರು. ಬೇರೆ ಏನೂ ಇರಲಿಲ್ಲ. ಬಾಯಿಪಾಠ ಮಾಡಿದ್ದ ಉತ್ತರಗಳನ್ನು ಒಂದಾದ ಮೇಲೊಂದು ಹೇಳಿ ಹನ್ನೆರಡು ನಿಮಿಷಕ್ಕೆ ಹೊರಬಂದೆ.

ಅವಳು ಒಳಗೆ ನಲವತ್ತು ನಿಮಿಷ ಇದ್ದಳು. ಗೋಡೆ ಗಡಿಯಾರದ ಮುಳ್ಳನ್ನು ನಾನು ನೋಡುತ್ತಲೇ ಇದ್ದೆ. ನಡುವೆ ಒಳಗಿನಿಂದ ನಗು ಕೇಳಿಸಿತು. ನನ್ನ ಹನ್ನೆರಡು ನಿಮಿಷದಲ್ಲಿ ಯಾರೂ ನಕ್ಕಿರಲಿಲ್ಲ. ಹೊರಬಂದವಳನ್ನು ಏನು ಕೇಳಿದರು ಎಂದೆ.

"ಹೋದ ವರ್ಷ ಅಕಾಲಕ್ಕ ಮಳಿ ಬಂದಾಗ ಶೆಡ್ಡಿನ ಪರದೆ ಎಲ್ಲಾ ಮುಚ್ಚಿಸಿ ಮಾಲ್ ಕರ‍್ರಗ ಮಾಡ್ಕೊಂಡಿದ್ದೆನಲ್ಲ ಬೇ, ಅದನ್ನ ಹೇಳಿದೆ. ಗಾಳಿ ಬೇಕು ಅನ್ನೂದ ತಿಳೀಲಿಲ್ಲ ನನಗ. ಕರೇ ಮಾಲ್ ಬ್ಯಾರೆ ಆರಿಸಿ ಆಯುರ್ವೇದ ಔಷಧ ಮಾಡೂವರಿಗೆ ಹೆಂಗ ಕೊಟ್ಟೆ ಅಂತ ಕೇಳಿದ್ರು. ಅದರಾಗ ವ್ಯಾಳೇ ಹೋತು."

ತನ್ನ ತಪ್ಪನ್ನು ತಾನೇ ಹೇಳಿ ಬಂದಿದ್ದಾಳೆ, ಇವಳ ಕಥೆ ಮುಗಿಯಿತು ಎಂದುಕೊಂಡೆ. ಸಮಾಧಾನವೂ ಆಯಿತು. ವಾಪಸು ಬರುವಾಗ ದಾರಿಯಲ್ಲಿ ಅವಳಿಗೆ ಚಹಾ ಕುಡಿಸಿದೆ.

ಪಟ್ಟಿಯಲ್ಲಿ ಅವಳ ಹೆಸರಿತ್ತು. ನಾನು ಕಾಯುವವರ ಪಟ್ಟಿಯಲ್ಲಿದ್ದೆ. ಆ ಪಟ್ಟಿ ನನ್ನವರೆಗೆ ಸರಿಯಲೇ ಇಲ್ಲ.

ಆ ವಾರ ಗಿರಣಿಯಲ್ಲಿ ಹಿಟ್ಟಿಗೆ ನಿಂತಿದ್ದಾಗ ಓಣಿಯ ಹೆಂಗಸೊಬ್ಬಳು ಕೇಳಿದಳು: "ನಿನಗ ಹೆಚ್ಚ ಬಂದಿತ್ತಂತಲ್ಲವ್ವಾ, ಮತ್ತ ಆಕೀಗೆ ಹೆಂಗ ಸಿಕ್ಕತು?" ಪೆನ್ಸಿಲ್ ಗೆರೆಯ ಆ ಪುಟ ನೆನಪಿತ್ತು. ಹೇಳಬಹುದಿತ್ತು. ನಾನು ಹೇಳಿದ್ದು ಇಷ್ಟು: "ಆಕಿ ಮಾಮಾ ಕೊಲ್ಲಾಪುರದಾಗ ದೊಡ್ಡ ಮನಶಾ ಅದಾನಲ್ರಿ."

ಒಂದೇ ಮಾತು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅವಳ ಸೋದರಮಾವ ಕೊಲ್ಲಾಪುರದಲ್ಲಿ ನಿಜಕ್ಕೂ ದೊಡ್ಡ ಮನುಷ್ಯನೇ. ಆದರೆ ಕಾಕಾಗೂ ಆತನಿಗೂ ವರ್ಷಗಳಿಂದ ಮಾತಿರಲಿಲ್ಲ. ಹೊಲದ ಹಂಚಿಕೆಯಲ್ಲಿ ಆತ ಕಾಕಾನಿಗೆ ಎಲ್ಲರೆದುರು ಅವಮಾನ ಮಾಡಿದ್ದ. ಆ ಮನೆಯ ನೀರೂ ಮುಟ್ಟುವುದಿಲ್ಲವೆಂದು ಕಾಕಾ ಎದ್ದು ಬಂದಿದ್ದರು. ಇದು ನನಗೆ ಗೊತ್ತಿತ್ತು. ಗಿರಣಿಯಲ್ಲಿ ಬಾಯಿ ತೆರೆಯುವಾಗಲೂ ಗೊತ್ತಿತ್ತು.

ಎಂಟು ದಿನದಲ್ಲಿ ನನ್ನ ಒಂದು ಮಾತು ಡೊನೇಶನ್ ಸೀಟು ಎಂದಾಗಿ ಓಣಿ ಸುತ್ತಿತು. ಫೀಸು ಅಪ್ಪ ಕಟ್ಟಿದನಂತೆ, ಅದರ ಮೇಲಿನದು ಮಾಮಾ ಕೊಟ್ಟನಂತೆ. ಕಾಕಾ ಮಗಳನ್ನು ಕೇಳಿದರು, ಅವಳು ಇಲ್ಲವೆಂದಳು. ಆದರೆ ಕೇಳಿದವರೆಲ್ಲ ನನ್ನ ಸ್ಕೋರನ್ನೇ ಮುಂದೆ ಹಿಡಿಯುತ್ತಿದ್ದರು. ತೊಂಬತ್ತಾರು ಬಂದವಳು ಮನೆಯಲ್ಲಿ, ಎಂಬತ್ತೊಂದು ಬಂದವಳು ಪುಣೆಗೆ, ಇದು ಹೇಗೆ? ಕೊನೆಗೆ ಒಂದು ಮುಂಜಾನೆ ಕಾಕಾ ಸೊಂಟ ಹಿಡಿದುಕೊಂಡು ನಮ್ಮ ಕಟ್ಟೆ ಹತ್ತಿ ಬಂದರು.

"ನೀವಿಬ್ರೂ ಜೋಡೀಲೆ ಹೋಗಿದ್ರಿ. ನಿನಗ ಗೊತ್ತಿರ್ತೈತಿ. ಆಕಿ ಮಾಮಾ ಏನರ ನಡಕ ಬಂದಾನೇನವ್ವಾ? ಖರೇ ಹೇಳು."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಬೇಕಾಗಿದ್ದು ಇಲ್ಲ ಎನ್ನುವ ಒಂದು ಮಾತು.

"ನನಗೇನು ಗೊತ್ತಿಲ್ರಿ ಕಾಕಾ. ನನಗ ಆಕೀಕಿಂತ ಹೆಚ್ಚ ಬಂದಿತ್ತು, ಅಷ್ಟ ಗೊತ್ತು," ಎಂದೆ.

ಅವಳು ಪುಣೆಗೆ ಹೊರಟ ದಿನ ಕಾಕಾ ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ನಾನು ಕಿಟಕಿಯ ಪರದೆ ಸರಿಸಿ ನೋಡಿದೆ. ಅವಳು ಬ್ಯಾಗು ಹಿಡಿದು ತಂದೆಯ ಕಾಲು ಮುಟ್ಟಿದಳು, ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ನನಗೆ ಆಗ ಏನನ್ನಿಸಿತು ಎಂದು ಈಗ ಸುಳ್ಳು ಬರೆಯಬಹುದು. ಬರೆಯುವುದಿಲ್ಲ. ನನಗೆ ಹಾಯೆನಿಸಿತು.

ಸೆಪ್ಟೆಂಬರಿನಲ್ಲಿ ಪರ್ವಕ್ಕೆ ಊರಿಗೆ ಬಂದಳು. ಹತ್ತು ದಿನದ ದಶಲಕ್ಷಣ ಪರ್ವ ಮುಗಿದ ಮರುದಿನ ಜೈನರಲ್ಲಿ ಕ್ಷಮಾವಣಿ. ಮನೆಮನೆಗೆ ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆ ಕೈಮುಗಿದು ಕ್ಷಮೆ ಕೇಳುತ್ತಾರೆ. ಕೇಳಿಸಿಕೊಂಡವರೂ ತಿರುಗಿ ಹಾಗೆಯೇ ಕೇಳಬೇಕು. ನಾವು ಜೈನರಲ್ಲದಿದ್ದರೂ ಚಿಕ್ಕಂದಿನಿಂದ ನಾವಿಬ್ಬರೂ ಪ್ರತಿ ವರ್ಷ ಬಾಗಿಲಲ್ಲಿ ನಿಂತು, ಒಬ್ಬರಿಗೊಬ್ಬರು ಕೈಮುಗಿದು, ನಗು ತಡೆಯಲಾರದೆ ಓಡುತ್ತಿದ್ದೆವು.

ಆ ಸಲ ಅವಳು ಉಪವಾಸದಿಂದ ಸೊರಗಿದ್ದಳು. ಬಿಳಿ ಸೀರೆ ಉಟ್ಟಿದ್ದಳು. ಬಾಗಿಲಲ್ಲಿ ನಿಂತು ಕೈಮುಗಿದು, "ನನ್ನಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡು," ಎಂದಳು. ನಗಲಿಲ್ಲ.

"ಇರ್ಲಿ ಬಿಡ ಬೇ. ನಾ ಏನೂ ಮನಸಿಗೆ ಹಚ್ಕೊಂಡಿಲ್ಲ," ಎಂದೆ.

ನನ್ನ ಸೀಟು ಕಸಿದ ಅವಳನ್ನು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೆ. ಅವಳು ಕೈ ಇಳಿಸದೆ ಹಾಗೆಯೇ ನಿಂತಿದ್ದಳು. "ನಿಂದೇನೂ ಇಲ್ಲೇನು?" ಎಂದು ಕೇಳಿದಳು. ನಂದೇನೈತಿ, ಎಂದು ನಾನು ಒಳಗೆ ಹೋದೆ. ಒಲೆಯ ಮೇಲೆ ಹಾಲಿತ್ತೋ ಏನೋ... ಇರಲಿಲ್ಲ ಅನಿಸುತ್ತದೆ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ನಾನು ನಮ್ಮ ಕಡೆಯದೇ ಒಂದು ಕಾಲೇಜಿನಲ್ಲಿ ಎಂಬಿಎ ಮಾಡಿ ಚಿಕ್ಕೋಡಿಯಲ್ಲಿ ಪ್ರವೇಶ ಪರೀಕ್ಷೆಯ ಕ್ಲಾಸಿಗೆ ಪಾಠ ಮಾಡಲು ಸೇರಿದೆ. ಅವಳು ಓದು ಮುಗಿಸಿ ಅಥಣಿಗೇ ಬಂದು ಶೆಡ್ಡು ಹಿಡಿದಳು, ಒಂದಿದ್ದದ್ದನ್ನು ಮೂರು ಮಾಡಿದಳು. ಊರಿಗೆ ಹೋದಾಗಲೆಲ್ಲ ಅವಳ ಸುದ್ದಿ ಕೇಳಿ ನನಗೆ ಊಟ ಸೇರುತ್ತಿರಲಿಲ್ಲ. ಎದುರಾದರೆ ಮಾತಾಡಿಸುತ್ತಿದ್ದಳು. ನಾನೂ ಮಾತಾಡುತ್ತಿದ್ದೆ, ಗಡಿಯಾರ ನೋಡುತ್ತ. ಎರಡು ವರ್ಷದ ಹಿಂದೆ ಅವಳ ಕಿಡ್ನಿ ಕೈಕೊಟ್ಟವು. ಮಿರಜದ ಆಸ್ಪತ್ರೆಗೆ ನೋಡಲು ಹೋಗಬೇಕೆಂದು ಎರಡು ಸಲ ಹೊರಟೆ, ಎರಡು ಸಲವೂ ಕ್ಲಾಸಿನ ನೆಪ ಸಿಕ್ಕಿತು. ಮೂರನೇ ಸಲಕ್ಕೆ ಅವಳಿರಲಿಲ್ಲ.

ಕ್ಲಾಸಿನಲ್ಲಿ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ, ಮ್ಯಾಡಮ್, ಸ್ಕೋರ್ ಎಷ್ಟಿದ್ದರೆ ಸೀಟು ಗ್ಯಾರಂಟಿ ಎಂದು. ಗ್ಯಾರಂಟಿ ಇಲ್ಲ, ಅರ್ಧ ಅಷ್ಟೇ ಅದರದ್ದು, ಎಂದು ಲೆಕ್ಕ ಬಿಡಿಸಿ ತೋರಿಸುತ್ತೇನೆ. ಎಷ್ಟು ಸಲೀಸಾಗಿ ಹೇಳುತ್ತೇನೆಂದರೆ ನನಗೇ ಅಸಹ್ಯವಾಗುತ್ತದೆ. ಕಾಕಾ ಅಂದು ಕಟ್ಟೆಯ ಮೇಲೆ ನಿಂತಾಗ ಇದೇ ನಾಲ್ಕು ಮಾತು ಸಾಕಿತ್ತು.

ಡಬ್ಬಿ ತೆರೆದ ಮರುದಿನ ಭಾನುವಾರ. ಅಥಣಿಯ ಬಸ್ಸು ಹತ್ತಿದೆ. ಕಾಕಾ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕುಶಲ ಕೇಳುವುದಕ್ಕೂ ಮೊದಲೇ ಹೇಳಿಬಿಟ್ಟೆ, ಗಿರಣಿಯ ಮಾತು, ಪುಸ್ತಿಕೆಯ ಪುಟ, ಎಲ್ಲ. ಅವರು ಅವಸರವಿಲ್ಲದೆ ಕೇಳಿದರು.

"ಆಕಿ ಹೇಳಿದ್ಲು," ಎಂದರು. "ದವಾಖಾನ್ಯಾಗ ಇದ್ದಾಗ ಹೇಳಿದ್ಲು. ಮೊದಲಿಂದ ಗೊತ್ತಿತ್ತಂತ ಆಕೀಗೆ."

"ನನ್ನ ಬೈದಿರಬೇಕ್ರಿ."

"ಇಲ್ಲವ್ವಾ. ‘ಅಪ್ಪಾಜಿ, ಆಕೀನ್ನ ಏನೂ ಅನಬ್ಯಾಡ್ರಿ. ಆಕೀ ಕಡೆ ಆ ಮಾರ್ಕು ಬಿಟ್ರ ಬ್ಯಾರೆ ಏನ ಇತ್ತು’ ಅಂದ್ಲು."

ಚುಚ್ಚಬೇಕೆಂದು ಅವರು ಹೇಳಿದ್ದಲ್ಲ, ಮಗಳ ಮಾತನ್ನು ಇದ್ದ ಹಾಗೆ ಹೇಳಿದರು. ನನಗೆ ನಾಚಿಕೆಯಾಗಬೇಕಿತ್ತು. ಆಯಿತು, ಆದರೆ ಅದು ಆಮೇಲೆ. ಮೊದಲು ಬಂದದ್ದು ಅದೇ ಹಳೆಯ ಉರಿ. ಸಾಯುವ ಹೊತ್ತಿನಲ್ಲೂ ಇವಳಿಗೆ ನನ್ನ ಮೇಲೆ ಕನಿಕರ ಪಡುವಷ್ಟು ಉಳಿದಿತ್ತಲ್ಲ ಎಂದು ಹೊಟ್ಟೆ ಉರಿಯಿತು. ಸತ್ತವಳ ಮೇಲೆ.

ಕ್ಷಮಾ ಮಾಡ್ರಿ ಕಾಕಾ, ಎಂದೆ.

"ಎರಡ ವರ್ಷ ನಾ ಆಕೀ ಜೋಡಿ ಮಾತಾಡಲಿಲ್ಲ," ಎಂದರು. "ಫೋನ್ ಹಚ್ಚತಿದ್ಲು, ಎತ್ತತಿದ್ದಿಲ್ಲ. ಆಮ್ಯಾಲ ಶೆಡ್ಡಿನ ಕೆಲಸಾ ಇಬ್ರನ್ನೂ ಮಾತಾಡಿಸ್ತು. ಹಂಗ ನೋಡಿದ್ರ ಆಕಿ ನನಗ ಸಿಕ್ಕದ್ದು ನಾಕ ವರ್ಷ. ಆ ಎರಡ ವರ್ಷ ಇದ್ದಿದ್ರ ಆರ ಆಗ್ತಿದ್ದು."

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಸೂರ್ಯ ಮುಳುಗುವುದರೊಳಗೆ ಅವರ ಮನೆಯಲ್ಲಿ ಊಟವಾಗುತ್ತದೆ. ಆ ಹೊತ್ತಿಗೆ ಯಾರೇ ಎದ್ದು ನಿಂತರೂ, ಊಟಾ ಮಾಡಿ ಹೋಗು, ಎನ್ನದೆ ಕಾಕಾ ಬಿಟ್ಟವರಲ್ಲ. ಒಳಗೆ ತಾಟು ಹಾಕುವ ಸಪ್ಪಳ ಕೇಳಿಸುತ್ತಿತ್ತು. ನಾನು ಚಪ್ಪಲಿ ಮೆಟ್ಟಲು ಬೇಕಾದ್ದಕ್ಕಿಂತ ಹೆಚ್ಚೇ ಹೊತ್ತು ತೆಗೆದುಕೊಂಡೆ. ಕಾಕಾ ಏನೂ ಅನ್ನಲಿಲ್ಲ.